ಮನೆಮನೆ ತಿರುಗಿದ ಠರಾವು ಬುಕ್ಕು

ಸಿಟ್ಟಿನಲ್ಲಿದ್ದಾಗ ಬರೆಯಬಾರದು ಎನ್ನುತ್ತಾರೆ. ಈ ಸಿಟ್ಟು ಇಳಿಯಲಿ ಎಂದು ನಾನು ವರ್ಷಗಟ್ಟಲೆ ಕಾದೆ. ಇಳಿಯಲಿಲ್ಲ. ಇನ್ನು ಕಾದರೆ ನಾನೇ ಇಳಿದುಹೋಗುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಇದರಲ್ಲಿ ಅರ್ಧ ಸಿಟ್ಟು ನನ್ನ ಮೇಲೆಯೇ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆಗೆ ರೈಲು ಬಂದ ಹೊಸತರಲ್ಲಿ ನನ್ನನ್ನು ಒಂದು ಟ್ರಸ್ಟಿಗೆ ಸೇರಿಸಿಕೊಂಡರು. ಆಗ ನಾನು ಕುಮಟೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆ ಅಲ್ಲೇ ಹತ್ತಿರದ ಹೊಳನಗದ್ದೆಯಲ್ಲಿ. ಟ್ರಸ್ಟಿಗಿದ್ದ ಕೆಲಸ ಒಂದೇ, ದೂರದ ಊರುಗಳಿಂದ ಕುಮಟೆಗೆ ಕಾಲೇಜು ಕಲಿಯಲು ಬರುವ ಬಡವರ ಮನೆಯ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ನಡೆಸುವುದು. ಮಕ್ಕಳಿಲ್ಲದ ಒಬ್ಬ ವಿಧವೆ ತೀರಿಕೊಳ್ಳುವ ಮೊದಲು ತಾನಿದ್ದ ಮನೆಯನ್ನು ಅದಕ್ಕೆಂದೇ ಬರೆದುಕೊಟ್ಟಿದ್ದರು. ಟ್ರಸ್ಟಿಗಳು ಒಂಬತ್ತು ಜನ. ಭಟ್ಕಳದವರು ಮೂವರು, ಹೊನ್ನಾವರದವರು ಮೂವರು, ಕುಮಟೆಯವರು ಮೂವರು. ಒಬ್ಬರಾದರೂ ಹೆಂಗಸು ಇರಲಿ, ನೋಡಲಿಕ್ಕೆ ಚೆನ್ನಾಗಿರುತ್ತದೆ ಎಂದು ನನ್ನನ್ನು ಕರೆದರು. ಎಲೆಯ ತುದಿಗೆ ಬಡಿಸುವ ಉಪ್ಪಿನಕಾಯಿ ನಾನು. ಆದರೂ ನನಗೆ ಆಗ ಹೆಮ್ಮೆಯೇ ಆಯಿತು. ಸ್ಟಾಫ್ ರೂಮಿನಲ್ಲಿ ಎರಡು ದಿನ ಅದನ್ನೇ ಹೇಳಿಕೊಂಡು ತಿರುಗಿದೆ.

ಸಭೆ ಯಾವಾಗ ಎಂದು ಕೇಳಿದ್ದಕ್ಕೆ ಅಧ್ಯಕ್ಷರು ನಕ್ಕರು. ಅಧ್ಯಕ್ಷರು ಕುಮಟೆಯ ದೊಡ್ಡ ವ್ಯಾಪಾರಸ್ಥರು. ಮಾತು ಬಹಳ ಮೃದು, ಎದುರು ಬಂದವರಿಗೆಲ್ಲ ಕೈಮುಗಿಯುವ ಮನುಷ್ಯ. "ಸಭೆಗೆ ನೀವು ಬರೂದು ಬೇಡ ಅಕ್ಕೋರೇ. ಸಭೆಯೇ ನಿಮ್ಮ ಮನೆಗೆ ಬತ್ತದೆ" ಎಂದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ವಾಡಿಕೆ.

ಸಭೆ ನಿಜವಾಗಿಯೂ ಮನೆಗೆ ಬಂತು. ಟ್ರಸ್ಟಿನ ಗುಮಾಸ್ತರು ರೆಕ್ಸಿನ್ ಚೀಲದಲ್ಲಿ ಸಭೆಯ ನಡಾವಳಿ ಬರೆಯುವ ಠರಾವು ಬುಕ್ಕನ್ನು ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಸೋಮವಾರ ಭಟ್ಕಳ, ಮಂಗಳವಾರ ಹೊನ್ನಾವರ, ಬುಧವಾರ ಕುಮಟೆ. ಸಭೆಯಲ್ಲಿ ಯಾರು ಏನು ಮಾತಾಡಿದರು, ಯಾವ ಠರಾವು ಪಾಸಾಯಿತು, ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು, ಎಲ್ಲವೂ ಮುತ್ತಿನಂಥ ಅಕ್ಷರದಲ್ಲಿ ಮೊದಲೇ ಬರೆದಾಗಿರುತ್ತಿತ್ತು. "ಅಧ್ಯಕ್ಷರನ್ನು ವಂದಿಸಿ ಸಭೆಯನ್ನು ಮುಕ್ತಾಯಗೊಳಿಸಲಾಯಿತು" ಎಂಬ ಕೊನೆಯ ಸಾಲು ಕೂಡ. ಹಾಜರಿದ್ದವರ ಪಟ್ಟಿಯಲ್ಲಿ ಸಹಿ ಎಲ್ಲಿ ಹಾಕಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಸಣ್ಣ ಗುರುತು. ನಾನು ಕಾಯಿ ತುರಿಯುತ್ತಿದ್ದರೆ ಎದ್ದು ಬಂದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಗುರುತು ಇದ್ದಲ್ಲಿ ಸಹಿ ಹಾಕುತ್ತಿದ್ದೆ. ಗುಮಾಸ್ತರು ಚಾ ಕುಡಿದು, "ಆತು, ಇನ್ನು ಎರಡು ಮನೆ ಬಾಕಿ" ಎಂದು ಕೊಡೆ ಬಿಚ್ಚುತ್ತಿದ್ದರು. ಸಭೆ ಮುಗಿಯಿತು.

ಒಂಬತ್ತು ವರ್ಷ ಹೀಗೆ ನಡೆಯಿತು. ಕನ್ನಡ ಪಂಡಿತೆ ನಾನು, ಮಕ್ಕಳ ನೋಟ್ ಪುಸ್ತಕದಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಕೆಂಪು ಶಾಯಿ ಸುರಿಯುತ್ತಿದ್ದವಳು. ಈ ಬುಕ್ಕಿನಲ್ಲಿ ಒಂದು ಪುಟವನ್ನೂ ಓದಲಿಲ್ಲ. ಓದಿದರೆ ಗುಮಾಸ್ತರನ್ನು ಅನುಮಾನಿಸಿದ ಹಾಗೆ ಆಗುತ್ತದೆ, ಪಾಪ, ಬಿಸಿಲಲ್ಲಿ ಬಂದಿದ್ದಾರೆ ಎಂದು ಸಂಕೋಚ. ಆ ಸಂಕೋಚಕ್ಕೆ ಬೆಂಕಿ ಬೀಳಲಿ. ದಿನಾ ಶಾಲೆಗೆ ಹೋಗುವ ಬಸ್ಸು ಹಾಸ್ಟೆಲಿನ ಎದುರಿನಿಂದಲೇ ಹಾಯುತ್ತಿತ್ತು. ಕಿಟಕಿಯಿಂದ ನೋಡಿದರೆ ಹಗ್ಗದ ಮೇಲೆ ಲಂಗ ದಾವಣಿ ಒಣಗುತ್ತಿದ್ದವು, ಹುಡುಗಿಯರು ಬಾವಿಕಟ್ಟೆಯಲ್ಲಿ ನಗುತ್ತಿದ್ದರು. ಎಲ್ಲ ಸರಿಯಾಗಿದೆ ಎಂದುಕೊಳ್ಳುತ್ತಿದ್ದೆ. ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸಲು ಹೋಗುತ್ತಿದ್ದೆನೇ ಹೊರತು ಒಳಗಿನ ಕೋಣೆಗೆ ಒಂದು ದಿನವೂ ಕಾಲಿಟ್ಟವಳಲ್ಲ.

ಒಂಬತ್ತನೆಯ ವರ್ಷದ ಮೇ ತಿಂಗಳ ಕೊನೆ. ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ. ಜಗಲಿಯಲ್ಲಿ ಯಾರೋ ಕರೆದರು. ತದಡಿಯಿಂದ ಕುಮಟೆಯ ಪೇಟೆಗೆ ಮೀನು ತಂದು ಮಾರುವ ಹೆಂಗಸು. ಖಾಲಿ ಬುಟ್ಟಿ ಕಂಕುಳಲ್ಲಿತ್ತು. ಜೊತೆಯಲ್ಲಿ ಮಗಳು. ಹುಡುಗಿ ಹಾಸ್ಟೆಲಿನಲ್ಲಿದ್ದು ಪಿಯುಸಿ ವಿಜ್ಞಾನ ಕಲಿಯುತ್ತಿದ್ದಳು, ಮೊದಲ ವರ್ಷ ಆಗಷ್ಟೇ ಮುಗಿದಿತ್ತು.

"ಅಕ್ಕೋರೇ, ಹಾಸ್ಟೆಲು ಮುಚ್ತ್ರಂತೆ. ಬರೂ ವರ್ಷ ಬರೂದು ಬೇಡ ಹೇಳಿ ಚೀಟಿ ಕೊಟ್ಟಾರೆ. ನಮ್ಮ ಕೂಸು ಎಂತ ತಪ್ಪು ಮಾಡ್ತು?" ಎಂದು ತಾಯಿ ಕೇಳಿದಳು.

"ಯಾರು ಹೇಳಿದ್ದು ನಿಂಗೆ? ಹಾಸ್ಟೆಲ್ ಎಂತಕ್ಕೆ ಮುಚ್ಚೂದು? ನಾನು ಟ್ರಸ್ಟಿನಲ್ಲೇ ಇದ್ದವಳು. ಅಂಥದ್ದೆಲ್ಲ ನಂಗೆ ಗೊತ್ತಿಲ್ದೇ ಆಗೂದಿಲ್ಲ."

ತಾಯಿ ಮಗಳ ಮುಖ ನೋಡಿದಳು. ಹುಡುಗಿ ಮೆಲ್ಲಗೆ, "ನೀವೇ ಮುಚ್ಚೂಕೆ ಹೇಳಿದ್ದು ಅಂದ್ರು ಅಕ್ಕೋರೇ. ಬುಕ್ಕಿನಲ್ಲಿ ನಿಮ್ಮ ಹೆಸರು ಇದ್ದಂತೆ" ಎಂದಳು.

ನಾನು ಅವರ ಮೇಲೆಯೇ ರೇಗಿದೆ. ಯಾರೋ ಹೇಳಿದ್ದನ್ನು ಕೇಳಿಕೊಂಡು ಮನೆ ಬಾಗಿಲಿಗೆ ಬರುವುದಾ ಎಂದೆ. ಬಿಸಿಲಲ್ಲಿ ಬಂದವರಿಗೆ ನೀರು ಬೇಕಾ ಎಂದೂ ಕೇಳಲಿಲ್ಲ. ಅವರು ಅಂಗಳ ದಾಟಿ ಹೋದರು. ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸೀರೆ ಬದಲಿಸಿ ನಾಲ್ಕು ಗಂಟೆಯ ಬಸ್ಸಿಗೆ ಗುಮಾಸ್ತರ ಮನೆಗೆ ಹೋದೆ.

ಬುಕ್ಕು ಕೊಡಿ ಎಂದಾಗ ಗುಮಾಸ್ತರು ಗಾಬರಿಯಾದರು. ಒಂಬತ್ತು ವರ್ಷದಲ್ಲಿ ಅದನ್ನು ಕೇಳಿದವರೇ ಇರಲಿಲ್ಲ. ಫೆಬ್ರವರಿಯ ಪುಟ ತೆಗೆದೆ. ಸಭೆಯ ಸ್ಥಳ, ಹಾಸ್ಟೆಲಿನ ಊಟದ ಕೋಣೆ. ಕಟ್ಟಡ ಶಿಥಿಲವಾಗಿದೆ, ಹುಡುಗಿಯರ ಸಂಖ್ಯೆ ಕಡಿಮೆಯಾಗಿದೆ, ಆದ್ದರಿಂದ ಮುಂದಿನ ವರ್ಷದಿಂದ ಹಾಸ್ಟೆಲ್ ನಿಲ್ಲಿಸಿ ಕಟ್ಟಡವನ್ನು ಯೋಗ್ಯ ಬಾಡಿಗೆಗೆ ಕೊಡತಕ್ಕದ್ದು. ಸೂಚಿಸಿದವರು ಅಧ್ಯಕ್ಷರು. ಅನುಮೋದಿಸಿದವರು ಎಂಬಲ್ಲಿ ನನ್ನ ಹೆಸರು. ಕೆಳಗೆ ಹಾಜರಿ, ಏಳು ಸಹಿ. ಮೂರನೆಯದು ನನ್ನದು. ಬಾಲ ಎಳೆದು ಚುಕ್ಕೆ ಇಟ್ಟ ಸಹಿ, ಒಂದು ಚೂರೂ ಕೈ ನಡುಗಿಲ್ಲ.

"ನಾನು ಯಾವಾಗ ಅನುಮೋದಿಸಿದೆ ಮಾರಾಯ್ರೆ?" ಎಂದೆ.

"ನಿಮ್ಮ ಹೆಸರು ಹಾಕಿದ್ರೆ ಚಲೋ ಕಾಣ್ತದೆ ಹೇಳಿ ಅಧ್ಯಕ್ಷರು ಹೇಳ್ರು. ಹೆಣ್ಮಕ್ಕಳ ವಿಷ್ಯ ಅಲ್ವಾ? ನೀವು ಸಹಿ ಹಾಕ್ವಾಗ ಎಂತದೂ ಹೇಳ್ಲಿಲ್ಲ ಅಕ್ಕೋರೇ."

ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಎನ್ನುವ ಹಾಗೆ ಅವರನ್ನು ಬಾಯಿಗೆ ಬಂದಂತೆ ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅವರು ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ಹದಿನೆಂಟು ಹುಡುಗಿಯರಿದ್ದ ಮನೆಯನ್ನು, ಕಾಯಿ ತುರಿಯುವ ನಡುವೆ ಎದ್ದು ಬಂದು, ನಾನೇ ಮುಚ್ಚಿದ್ದೆ.

ಮರುದಿನ ಪೇಟೆಗೆ ಹೋಗಿ ತಾಯಿಯನ್ನು ಹುಡುಕಿದೆ. ಮಗಳೂ ಜೊತೆಗೇ ಇದ್ದಳು, ಬಂಗುಡೆಗೆ ಮಂಜುಗಡ್ಡೆ ಸುರಿಯುತ್ತಿದ್ದಳು. ನಿನ್ನೆ ಹಾಗೆ ಮಾತಾಡಿದ್ದು ತಪ್ಪಾಯಿತು ಎಂದೆ. ಹಾಗೇ ಒಂದೇ ಉಸಿರಿಗೆ, ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಅಲ್ಲೇ ಇದ್ದುಕೊಂಡು ಎರಡನೆಯ ವರ್ಷ ಓದಲಿ, ಖರ್ಚು ಏನೂ ಬೇಡ ಎಂದೆ. ತಾಯಿಯ ಮುಖ ಅರಳಿತು. ಹುಡುಗಿ ಕೈ ಒರೆಸಿಕೊಂಡು ಎದ್ದು ನಿಂತಳು.

"ನಂಗೆ ನಿಮ್ಮ ಮನೆ ಬೇಡ ಅಕ್ಕೋರೇ. ಹಾಸ್ಟೆಲ್ ಬೇಕು. ನಾವು ಹದಿನೆಂಟು ಜನ ಇದ್ದೋರು. ನಾ ಒಬ್ಬಳು ನಿಮ್ಮ ಮನೆಗೆ ಬಂದ್ರೆ ಉಳಿದೋರು ಎಲ್ಲಿಗೆ ಹೋಗೂದು?"

ನನಗೆ ಮೊದಲು ಬಂದದ್ದು ಸಿಟ್ಟು. ಎಷ್ಟು ಸೊಕ್ಕು ಈ ಹುಡುಗಿಗೆ ಎನಿಸಿತು. ಬಸ್ಸಿನಲ್ಲಿ ಕೂತ ಮೇಲೆ ಅರ್ಥವಾಯಿತು. ನಾನು ಅವಳಿಗೆ ಕೊಡಲು ಹೋದದ್ದು ಉಪಕಾರ. ಅವಳು ಕೇಳಿದ್ದು ತನ್ನದೇ ಆದದ್ದನ್ನು. ಆ ವಿಧವೆ ಮನೆ ಬರೆದುಕೊಟ್ಟದ್ದು ಈ ಹುಡುಗಿಯರಿಗೆ, ನಮ್ಮ ಒಂಬತ್ತು ಜನಕ್ಕಲ್ಲ. ನಾವು ಬಾಗಿಲು ಕಾಯಲು ಇದ್ದವರು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ವರ್ಷವೂ ತರಗತಿಯಲ್ಲಿ ಗಾದೆ ವಿಸ್ತರಿಸಲು ಕೊಡುತ್ತಿದ್ದೆ. ಆ ಬೇಲಿಯಲ್ಲಿ ನಾನೂ ಒಂದು ಗೂಟ ಎಂದು ಎಂದೂ ತಲೆಗೆ ಹೋಗಿರಲಿಲ್ಲ.

ಅಧ್ಯಕ್ಷರ ಮನೆಗೆ ಹೋದೆ. ಪಾನಕ ಕೊಟ್ಟು ಕೂರಿಸಿದರು. ಕಟ್ಟಡ ಅವರ ಅಳಿಯನ ಟೈಲ್ಸ್ ಗೋದಾಮಿಗೆ ಹೋಗುವುದೆಂದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಅದನ್ನು ಕೇಳಿದರೆ ಅವರಿಗೆ ಮುಜುಗರವೇ ಆಗಲಿಲ್ಲ.

"ಹೊರಗಿನವರಿಗೆ ಕೊಡೂಕಿಂತ ನಮ್ಮವರೇ ಒಳ್ಳೇದಲ್ವಾ ಅಕ್ಕೋರೇ? ಕಟ್ಟಡ ಜೋಪಾನ ಇರ್ತದೆ."

"ಶಿಥಿಲ ಆಗದೆ ಹೇಳಿ ಬರ್ಸಿದ್ದೀರಿ. ಹುಡ್ಗೀರಿಗೆ ಶಿಥಿಲ, ಟೈಲ್ಸಿಗೆ ಗಟ್ಟಿಯಾ?"

ಅವರು ನಕ್ಕರು. ಆಮೇಲೆ ಮೃದುವಾಗಿಯೇ ಹೇಳಿದರು, "ಫೆಬ್ರವರಿಯಲ್ಲಿ ಸಭೆ ಆಗ್ಲಿಲ್ಲ ಹೇಳಿ ನೀವು ಬರ್ದು ಕೊಡೂಕೆ ತಯಾರಿದ್ರೆ ಕೊಡಿ. ಮತ್ತೆ ಒಂಬತ್ತು ವರ್ಷ ಕೂರದ ಸಭೆಗೆಲ್ಲ ಸಹಿ ಹಾಕಿದ್ದು ಎಂತಕ್ಕೆ ಹೇಳಿ ಜನ ಕೇಳೂದು ನಿಮ್ಮನ್ನೇ. ಶಾಲೆ ಕಲಿಸೋರು ನೀವು."

ಅಲ್ಲಿಂದ ಎದ್ದು ಬಂದೆ. ಆ ರಾತ್ರಿಯೇ ಪತ್ರ ಬರೆದೆ ಎಂದು ಹೇಳಿಕೊಳ್ಳಲು ಚೆನ್ನಾಗಿರುತ್ತಿತ್ತು. ಬರೆಯಲಿಲ್ಲ. ಇಪ್ಪತ್ತೆರಡು ದಿನ ಸುಮ್ಮನೆ ಕೂತೆ. ನಿವೃತ್ತಿಗೆ ಎರಡು ವರ್ಷವಿತ್ತು. ಹೆಡ್‌ಮಾಸ್ತರರು ಏನೆಂದಾರು, ಮಕ್ಕಳು ಏನೆಂದಾರು, ಸುಳ್ಳು ಸಹಿಯ ಅಕ್ಕೋರು ಎಂದು ಹೆಸರು ಬಿದ್ದರೆ ಎಂಬ ಚಿಂತೆ. ಅಷ್ಟರಲ್ಲಿ ಮಳೆಗಾಲ ಹಿಡಿಯಿತು, ಕಾಲೇಜು ಶುರುವಾಯಿತು. ತದಡಿಯಿಂದ ಕುಮಟೆಗೆ ಹತ್ತಿರದ ದಾರಿ ಎಂದರೆ ಅಘನಾಶಿನಿ ಹೊಳೆಯನ್ನು ದೋಣಿಯಲ್ಲಿ ದಾಟಿ ಬಸ್ಸು ಹಿಡಿಯುವುದು. ಮಳೆ ಜೋರಾದರೆ ದೋಣಿ ಬಿಡುವುದಿಲ್ಲ. ಆಗ ಗೋಕರ್ಣದ ಮೇಲೆ ಸುತ್ತಿ ಬರಬೇಕು. ಬೆಳಗಿನ ಮೊದಲ ಬಸ್ಸು ಹತ್ತಿದರೂ ಆ ಹುಡುಗಿ ತರಗತಿಗೆ ಮುಟ್ಟುವಾಗ ಎರಡು ಪಾಠ ಮುಗಿದಿರುತ್ತಿದ್ದವು. ಎಷ್ಟೋ ದಿನ ಬಸ್ಸೇ ಬರುತ್ತಿರಲಿಲ್ಲ. ಒಂದು ಸಂಜೆ ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ಮೈಯೆಲ್ಲ ಒದ್ದೆ, ಪುಸ್ತಕಗಳನ್ನು ಮಾತ್ರ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದಿದ್ದಳು. ನನ್ನನ್ನು ನೋಡಿ ನಕ್ಕಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವತ್ತು ಮನೆಗೆ ಬಂದು ಸೀರೆ ಬದಲಿಸುವ ಮೊದಲು ಪತ್ರ ಬರೆದೆ. ಫೆಬ್ರವರಿಯ ಸಭೆ ನಡೆದೇ ಇಲ್ಲ. ಒಂಬತ್ತು ವರ್ಷದಲ್ಲಿ ಒಂದೂ ಸಭೆಯಲ್ಲಿ ನಾನು ಕೂತಿಲ್ಲ. ನನ್ನ ಸಹಿಗಳೆಲ್ಲ ಮನೆಯ ಜಗಲಿಯಲ್ಲಿ ಹಾಕಿದವು. ಉಳಿದ ಎಂಟೂ ಟ್ರಸ್ಟಿಗಳಿಗೆ ಒಂದೊಂದು ಪ್ರತಿ ರಿಜಿಸ್ಟರ್ ಮಾಡಿದೆ. ಸಭೆ ಕರೆಯದಿದ್ದರೆ ಕೋರ್ಟಿಗೆ ಹೋಗುತ್ತೇನೆ ಎಂದೂ ಕೊನೆಗೆ ಬರೆದಿದ್ದೆ. ಮಳೆ ಕಡಿಮೆಯಾಗಲಿ, ಹಬ್ಬ ಮುಗಿಯಲಿ ಎಂದು ದೂಡುತ್ತ ದೂಡುತ್ತ ಆಗಸ್ಟ್ ಕೊನೆಗೆ ಸಭೆ ಕರೆದರು. ಟ್ರಸ್ಟಿನ ಮೊದಲ ನಿಜವಾದ ಸಭೆ, ಹಾಸ್ಟೆಲಿನಲ್ಲೇ.

ಆ ದಿನ ಬಸ್ಸಿಳಿದು ಹಾಸ್ಟೆಲಿನ ಕಡೆ ಹೊರಟಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಿರಿಯರೊಬ್ಬರು ತಡೆದು ಕೇಳಿದರು, "ಇಲ್ಲಿ ಹೆಣ್ಮಕ್ಕಳ ಹಾಸ್ಟೆಲ್ ಒಂದು ಇದೆಯಂತೆ. ಯಾವ ಬದಿಗೆ ಬರ್ತದೆ?"

ಭಟ್ಕಳದ ಟ್ರಸ್ಟಿ. ಬಟ್ಟೆ ಅಂಗಡಿಯ ಯಜಮಾನರು. ಒಂಬತ್ತು ವರ್ಷ ನನ್ನ ಸಹಿಯ ಕೆಳಗೇ ಅವರ ಸಹಿ. ನಾನು ಯಾರೆಂದು ತಿಳಿದಾಗ ಅವರಿಗೆ ಖುಷಿಯೋ ಖುಷಿ. "ಓ, ನೀವಾ? ನಿಮ್ಮ ಸಹಿ ಬಾಳ ಚೆಂದ ಅಕ್ಕೋರೇ. ಹಿಂದಿನ ಪುಟಗಳಲ್ಲಿ ಯಾವಾಗ್ಲೂ ನೋಡ್ತಿರ್ತೇನೆ" ಎಂದರು. ಅಲ್ಲೇ ರಸ್ತೆಯಲ್ಲಿ ಕೂತು ಅಳಬೇಕೆನಿಸಿತು.

ಹಾಸ್ಟೆಲಿನ ಊಟದ ಕೋಣೆಯಲ್ಲಿ ಆಗಲೇ ಟೈಲ್ಸಿನ ಪೆಟ್ಟಿಗೆಗಳು ಸೂರಿನವರೆಗೆ ಏರಿದ್ದವು. ಅದರ ನಡುವೆ ಕುರ್ಚಿ ಹಾಕಿ ಕೂತೆವು. ನನ್ನ ಪತ್ರ ಓದಿದರು. ಅಧ್ಯಕ್ಷರು ಎಲ್ಲರ ಮುಖ ನೋಡಿ, "ಫೆಬ್ರವರಿಯ ಸಭೆಗೆ ಹಾಜರಿದ್ದವರು ಕೈ ಎತ್ತಿ" ಎಂದರು. ಒಂದೊಂದಾಗಿ ಕೈಗಳು ಎದ್ದವು. ಅರ್ಧ ಗಂಟೆಯ ಹಿಂದೆ ನನ್ನ ಹತ್ತಿರ ದಾರಿ ಕೇಳಿದವರೂ ಎತ್ತಿದರು. ಕತ್ತು ತಿರುಗಿಸಿ ಬಾಗಿಲು ಯಾವ ಕಡೆ ಎಂದು ನೋಡುತ್ತ ಎತ್ತಿದರು. ಮರ್ಯಾದಸ್ಥರು, ದಾನಿಗಳು, ಮಕ್ಕಳು ಮೊಮ್ಮಕ್ಕಳು ಇದ್ದವರು. ಒಬ್ಬರಿಗೂ ನಾಚಿಕೆಯಿಲ್ಲ.

"ಸುಳ್ಳು! ಈ ಮನೆಯ ಬಚ್ಚಲು ಎಲ್ಲಿದೆ ಹೇಳಿ ನೋಡ್ವಾ ನಿಮ್ಮಲ್ಲಿ ಒಬ್ಬರು" ಎಂದು ಕೂಗಿದೆ. ಕೂಗಬಾರದು, ಇದು ಸಭೆ ಎಂದು ಅಧ್ಯಕ್ಷರು ತಿಳಿಹೇಳಿದರು. ಆಮೇಲೆ, ಹಾಜರಿಲ್ಲದ ಸಭೆಗೆ ಸಹಿ ಹಾಕಿದ್ದಾಗಿ ನಾನೇ ಒಪ್ಪಿರುವುದರಿಂದ ನನ್ನನ್ನು ಟ್ರಸ್ಟಿನಿಂದ ತೆಗೆಯಬೇಕು ಎಂದು ಸೂಚಿಸಿದರು. ಬಟ್ಟೆ ಅಂಗಡಿಯವರು ಅನುಮೋದಿಸಿದರು. ನಿಜ ಹೇಳಿದವಳು ಒಬ್ಬಳೇ, ಹೊರಗೆ ಹೋದವಳೂ ಒಬ್ಬಳೇ.

ಆದರೆ ಆ ಗಡಿಬಿಡಿಯಲ್ಲಿ ಒಂದು ಮಾತು ಅವರು ಮರೆತಿದ್ದರು. ಭಟ್ಕಳದ ಕಡೆಯ ತೆಂಗಿನಗುಂಡಿಯ ಟ್ರಸ್ಟಿ ದೋಣಿ ಇಟ್ಟುಕೊಂಡಿದ್ದವರು, ಹಾಸಿಗೆ ಹಿಡಿದಿದ್ದರು. ಅವರ ಬದಲು ಮಗ ಬಂದಿದ್ದ. ಪಾಪದ ಹುಡುಗ, ಎದ್ದು ನಿಂತು ಹೇಳಿದ, "ಅಪ್ಪಂಗೆ ಎದ್ದು ಕೂರೂಕೆ ಆಗೂದಿಲ್ಲ, ನಾಲ್ಕು ವರ್ಷಾತು. ಸಹಿ ನಾನೇ ಹಾಕೂದು. ಈಗ್ಲೂ ನಾನೇ ಹಾಕ್ವದಾ?"

ಹೊನ್ನಾವರದ ಟ್ರಸ್ಟಿಯೊಬ್ಬರು ವಕೀಲರು. ಅವರು ಹಣೆ ಚಚ್ಚಿಕೊಂಡರು. ಹಾಸ್ಟೆಲ್ ಮುಚ್ಚುವುದಾದರೆ ಒಂಬತ್ತರಲ್ಲಿ ಆರು ಜನ ಎದುರು ಕೂತು ಒಪ್ಪಬೇಕೆಂದು ಆ ವಿಧವೆ ಬರೆಸಿದ್ದರಂತೆ. ಬುಕ್ಕಿನಲ್ಲಿದ್ದದ್ದು ಏಳು ಸಹಿ. ನನ್ನದನ್ನು ಈಗಷ್ಟೇ ಅವರೇ ಸುಳ್ಳೆಂದು ತೀರ್ಮಾನಿಸಿದ್ದರು. ಮಗ ಹಾಕಿದ್ದೂ ಹೋಯಿತು. ಉಳಿದದ್ದು ಐದು. ಠರಾವು ಬಿದ್ದಿತು. ಹೊಸದಾಗಿ ಪಾಸು ಮಾಡೋಣವೆಂದರೆ ಅವತ್ತು ಬಂದಿದ್ದವರಲ್ಲೂ ನನ್ನನ್ನು ಬಿಟ್ಟರೆ ಟ್ರಸ್ಟಿಗಳು ಐದೇ ಜನ. ವಕೀಲರು ಬಾಯಿಬಿಟ್ಟು ಹೇಳಿದ ಮೇಲೆ ಯಾರಿಗೂ ಬೇರೆ ದಾರಿ ಇರಲಿಲ್ಲ. ನನ್ನನ್ನು ಓಡಿಸುವ ಸಂಭ್ರಮದಲ್ಲಿ ಅವರೇ ಹಾಸ್ಟೆಲಿನ ಬಾಗಿಲು ತೆಗೆದರು.

ಅಳಿಯನಿಗೆ ಬೇರೆ ಗೋದಾಮು ಸಿಕ್ಕಿ ಟೈಲ್ಸು ಖಾಲಿಯಾಗುವಾಗ ಅಕ್ಟೋಬರ್ ಬಂತು. ಹದಿನೆಂಟು ಜನರಲ್ಲಿ ಹನ್ನೊಂದು ಜನ ಮರಳಿದರು. ಉಳಿದವರಲ್ಲಿ ಕೆಲವರು ಕೆಲಸಕ್ಕೆ ಸೇರಿದ್ದರು, ಒಬ್ಬಳ ಮದುವೆಯಾಗಿತ್ತು. ತದಡಿಯ ಹುಡುಗಿ ಬಂದಳು. ಊರಿನಲ್ಲಿ ಕೆಲವರು ನನ್ನನ್ನು ಹೊಗಳಿದರು. ಧೈರ್ಯವಂತೆ ಎಂದರು. ಕೇಳಲಿಕ್ಕೆ ಹಿತವಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ತಾಯಿ ಮತ್ತು ಮಗಳು ಇನ್ನೊಮ್ಮೆ ನಮ್ಮ ಜಗಲಿಗೆ ಬಂದರು. ಈ ಸಲ ಕೂರಿಸಿ ಚಾ ಕೊಟ್ಟೆ. ಕಾಲೇಜಿನಲ್ಲಿ ಹಾಜರಿ ಸಾಲದವರ ಪಟ್ಟಿ ಹಾಕಿದ್ದರು. ಹುಡುಗಿಯ ಹೆಸರು ಅದರಲ್ಲಿತ್ತು. ಮಳೆಗಾಲದ ದಿನಗಳೆಲ್ಲ ಗೈರುಹಾಜರಿ. ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು. ನಾನು ಆಗಲೇ ಹೋಗಿ ಪ್ರಿನ್ಸಿಪಾಲರನ್ನು ಕಂಡಿದ್ದೆ, ಬೇಡಿಕೊಂಡಿದ್ದೆ. ನಿಯಮ ಎಂದರೆ ನಿಯಮ ಎಂದಿದ್ದರು. ಅದನ್ನು ಹೇಳಿದೆ.

ತಾಯಿ ಚಾ ಲೋಟ ಕೆಳಗಿಟ್ಟಳು. ಆಮೇಲೆ ಕೇಳಿದಳು. ಕೊಂಕಿನ ಒಂದು ಎಳೆಯೂ ಅವಳ ಮಾತಿನಲ್ಲಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳುವ ಹಾಗೆಯೇ ಕೇಳಿದಳು.

"ಅಕ್ಕೋರೇ, ನೀವು ದೊಡ್ಡೋರೆಲ್ಲ ಇಲ್ದೇ ಇದ್ರೂ ಇದ್ರು ಹೇಳಿ ಬುಕ್ಕಿನಲ್ಲಿ ಬರೀತ್ರಲ್ಲ. ಹಾಗೇ ನಮ್ಮ ಕೂಸಿಗೂ ಒಂದಷ್ಟು ದಿನ ಬರ್ಸೂಕೆ ಆಗೂದಿಲ್ವಾ?"

ಹುಡುಗಿ ಎದ್ದಳು. ತಾಯಿಯ ಬುಟ್ಟಿಯನ್ನು ತಾನೇ ಎತ್ತಿಕೊಂಡಳು.

"ಬೇಡ ಆಯಿ. ನಾ ಬರ್ಲಿಲ್ಲ, ಕಾಲೇಜಿನೋರು ಬರ್ಲಿಲ್ಲ ಹೇಳೇ ಬರ್ದಾರೆ. ಅದು ಸರಿಯಾಗೇ ಉಂಟು. ಬರೂ ವರ್ಷ ನಾ ಮತ್ತೆ ಮೊದಲಿಂದ ಕೂತ್ಕಂತೆ."

ಹದಿನೇಳು ವರ್ಷದ ಹುಡುಗಿಯ ಒಂದು ವರ್ಷ ಹೋಯಿತು. ನನ್ನ ಸಂಬಳ ಹೋಗಲಿಲ್ಲ, ಪಿಂಚಣಿ ಹೋಗಲಿಲ್ಲ. ಅಧ್ಯಕ್ಷರು ಇನ್ನೂ ಅಧ್ಯಕ್ಷರಾಗಿಯೇ ಇದ್ದರು. ಹೋದದ್ದು ಅವಳ ಒಂದು ವರ್ಷ ಮಾತ್ರ.